ಕಡಲ ತಳದ ಕೆಸರೂ ನನ್ನ ಹೊಟ್ಟೆಕಿಚ್ಚೂ

ಮಂಡ್ಯ ಸ್ಟೇಷನ್

ನಾನು ವಿಲಾಯಿತಿಗೆ ಹೋದದ್ದು ಊರು ನೋಡುವುದಕ್ಕಲ್ಲ, ಗಂಡನನ್ನು ಕಾಯುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೋಗಿ ಬಂದವರೆಲ್ಲ ದೊಡ್ಡ ಗಡಿಯಾರ, ಸೇತುವೆ, ಅರಮನೆ ಎಂದು ಬರೆಯುತ್ತಾರೆ. ನಾನು ಲಂಡನ್ನಿನಲ್ಲಿ ಇದ್ದದ್ದು ಒಂದೂವರೆ ದಿನ, ಅದರಲ್ಲಿ ಅರ್ಧ ದಿನ ಕಳೆದುಹೋದ ಟ್ರಂಕು ಹುಡುಕುವುದರಲ್ಲೇ ಆಯಿತು. ನಾನು ಕಂಡ ವಿಲಾಯಿತಿ ಎಂದರೆ ಕೆಸರು, ಸಮುದ್ರದ ತಳದ ಕೆಸರು. ಆ ಕೆಸರಿನ ಮೇಲೆ ನಾನು ಸವತಿಮತ್ಸರ ಸಾಧಿಸಿದ ಕಥೆಯನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಓದಿ ನಗಲಿ ಎಂದು ಬರೆಯುತ್ತಿದ್ದೇನೆ.

ನನ್ನ ತವರು ಮಳವಳ್ಳಿ ಕಡೆ. ಕೊಟ್ಟ ಮನೆ ಮದ್ದೂರಿನ ಹತ್ತಿರ, ವೈದ್ಯನಾಥಪುರ. ನಮ್ಮ ಯಜಮಾನರಿಗೆ ಮಂಡ್ಯದಲ್ಲಿ ಕಬ್ಬಿನ ಗದ್ದೆಗಳ ಮಣ್ಣು ಪರೀಕ್ಷೆ ಮಾಡುವ ಕೆಲಸ. ಯುದ್ಧ ಮುಗಿದ ಮರುವರ್ಷ ಅವರಿಗೆ ಒಂದು ವರ್ಷ ಹೊರದೇಶದಲ್ಲಿ ಓದಿ ಬರಲು ವಿದ್ಯಾರ್ಥಿವೇತನ ಸಿಕ್ಕಿತು. ನಮ್ಮ ಅತ್ತೆಯೊಬ್ಬರನ್ನು ಬಿಟ್ಟು ಮನೆಯವರೆಲ್ಲ ಹಿಗ್ಗಿದರು. ಯಾವುದೋ ಊರಿನ ಹುಡುಗ ಓದಲು ಹೋಗಿ ಅಲ್ಲೇ ಒಬ್ಬ ಬಿಳಿಯ ಹೆಂಗಸನ್ನು ಮದುವೆಯಾದನಂತೆ ಎಂಬ ಸುದ್ದಿ ಅತ್ತೆಯ ಕಿವಿಗೆ ಬಿದ್ದಿತ್ತು. ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ, ಸೊಸೆಯನ್ನೂ ಜೊತೆಗೆ ಕಳಿಸುವುದಾದರೆ ಮಾತ್ರ ಮಗ ಹಡಗು ಹತ್ತಬಹುದು ಎಂದು ತೀರ್ಪು ಕೊಟ್ಟು ಅನ್ನ ಉಂಡರು. ಮದುವೆಯಾಗಿ ಆಗ ಎರಡು ವರ್ಷ. ನನಗೆ ಒಳಗೊಳಗೇ ಖುಷಿ.

ರೈಲು ಹತ್ತಿಸಲು ಬಂದ ಅತ್ತೆ ಕಿಟಕಿಯ ಸರಳು ಹಿಡಿದುಕೊಂಡು ನನಗೆ ಹೇಳಿದ ಬುದ್ಧಿಮಾತು ಒಂದೇ: "ಲೇ ಜಯ, ಅವನ್ನ ಒಬ್ನೇ ಬುಡಬ್ಯಾಡ ಕಣೆ. ಅಲ್ಲಿ ಎಣ್ಣುಗೋಳು ಗಂಡಸ್ರ ಸರಿಸಮ್ಕೆ ಓಡಾಡ್ತವಂತೆ. ಕಣ್ಣಲ್ ಕಣ್ ಮಡಗಿ ನೋಡ್ಕೊ."

ಇವರು ಪಕ್ಕದಲ್ಲೇ ಕೂತಿದ್ದರೂ ಕಿವಿ ಕೇಳದವರಂತೆ ಪೇಪರಿನೊಳಗೆ ಮುಖ ಹುದುಗಿಸಿದ್ದರು. ಅತ್ತೆ ಕೊಟ್ಟ ಸಾರಿನ ಪುಡಿಯ ಡಬ್ಬಿಯನ್ನು ಒಡೆಯದಿರಲಿ ಎಂದು ಇವರ ಹೊಸ ಉಣ್ಣೆ ಕೋಟಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೆ. ಬೊಂಬಾಯಿ ತಲುಪುವ ಹೊತ್ತಿಗೆ ಡಬ್ಬಿ ಒಡೆದಿರಲಿಲ್ಲ, ಮುಚ್ಚಳ ಮಾತ್ರ ಬಿಚ್ಚಿಕೊಂಡಿತ್ತು. ಬಂದರಿನಲ್ಲಿ ಕೋಟನ್ನು ಎಷ್ಟು ಕೊಡವಿದರೂ ಪುಡಿ ಹೋಗಲಿಲ್ಲ, ಕೊಡವಿದ ಇಬ್ಬರೂ ಸೀನಿದ್ದೇ ಬಂತು.

ಹಡಗು

ಸಿಪಾಯಿಗಳನ್ನು ಸಾಗಿಸುತ್ತಿದ್ದ ಹಡಗಿಗೇ ಬಣ್ಣ ಬಳಿದು ನಮ್ಮನ್ನು ತುಂಬಿದ್ದರು. ಹೆಂಗಸರಿಗೆಲ್ಲ ಒಂದು ಕಡೆ, ಗಂಡಸರಿಗೆಲ್ಲ ಇನ್ನೊಂದು ಕಡೆ. ಕಾವಲಿಗೆಂದು ಬಂದವಳಿಗೆ ಗಂಡ ಕಾಣಿಸುತ್ತಿದ್ದದ್ದು ಸಂಜೆಯ ಹೊತ್ತು ಮೇಲಿನ ಅಟ್ಟಣೆಯಲ್ಲಿ, ಅದೂ ಹೊಟ್ಟೆ ತೊಳಸದೆ ಇದ್ದ ದಿನ ಮಾತ್ರ. ಅತ್ತೆಗೆ ಇದನ್ನೆಲ್ಲ ಬರೆಯಲಿಲ್ಲ.

ಒಂದು ಸಂಜೆ ಹಾಗೆ ಕೂತಿದ್ದಾಗ ಸುಮ್ಮನಿರಲಾರದೆ ಕೇಳಿದೆ: "ಅಲ್ಲ, ಇಷ್ಟ್ ಮೀನು ಇದ್ರಾಗ್ ಬೆಳೀತವಲ್ಲ, ಈ ನೀರ್ಗೆ ಗೊಬ್ರ ಆಕೋರ್ ಯಾರು?"

ಇವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕೂತರು. ತಾವು ಹೋಗುತ್ತಿರುವುದೇ ಆ ಪ್ರಶ್ನೆಗೆ ಎಂದರು. ಕಡಲಿನ ಮೇಲ್ಭಾಗದಲ್ಲಿ, ಬಿಸಿಲು ಇಳಿಯುವಷ್ಟು ಆಳದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಗಿಡಗಳಿವೆಯಂತೆ. ಅವನ್ನು ಸಣ್ಣ ಹುಳುಗಳು ತಿನ್ನುತ್ತವೆ, ಹುಳುಗಳನ್ನು ಮೀನು ತಿನ್ನುತ್ತವೆ. ಸತ್ತದ್ದು, ತಿಂದು ಬಿಟ್ಟದ್ದು ಎಲ್ಲ ಮೆಲ್ಲಗೆ ಕೆಳಗಿಳಿಯುತ್ತದೆ. ದಂಡೆಯ ಹತ್ತಿರ ಆಳ ಕಡಿಮೆ, ಅದಕ್ಕೆ ಬಹುಪಾಲು ತಳಕ್ಕೇ ಬಂದು ಕೂರುತ್ತದೆ. ಹೊಳೆಗಳು ಹೊತ್ತು ತಂದದ್ದೂ ಅಲ್ಲಿಗೇ ಸೇರುತ್ತದೆ. ತಳದ ಕೆಸರಿನಲ್ಲಿ ಕೋಟಿಗಟ್ಟಲೆ ಜೀವಾಣುಗಳು ಕೂತು ಅದನ್ನೆಲ್ಲ ಕೊಳೆಸಿ ಸಾರವಾಗಿ ಮಾಡುತ್ತವೆ. ಎರೆಹುಳುವಿನಂಥ ಹುಳುಗಳು ಬಿಲ ತೋಡಿ ಕೆಸರನ್ನು ಉಳುತ್ತವೆ. ಆ ಸಾರ ನೀರಿಗೆ ಬಿಟ್ಟುಕೊಂಡು, ಚಳಿಗಾಲದ ಗಾಳಿಗೆ ನೀರು ಅಡಿಮೇಲಾದಾಗ ಮೇಲಕ್ಕೆ ಬಂದು, ಮತ್ತೆ ಗಿಡದ ಬಾಯಿಗೆ ಬೀಳುತ್ತದೆ. ಇಷ್ಟನ್ನೂ ಹೇಳುವಾಗ ಇವರು ಎರಡು ಸಲ ನನ್ನ ಹೆಸರು ಹಿಡಿದು ಕರೆದರು. ಎರಡು ವರ್ಷದಲ್ಲಿ ಇವರು ತಮ್ಮ ಕೆಲಸದ ಬಗ್ಗೆ ನನ್ನ ಹತ್ತಿರ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ನನಗೆ ನಮ್ಮೂರ ಕೆರೆ ನೆನಪಾಯಿತು. ಬೇಸಿಗೆಯಲ್ಲಿ ನೀರು ಇಂಗಿದ ಮೇಲೆ ತಳದ ಗೋಡುಮಣ್ಣನ್ನು ಅಗೆದು, ಮಂಕರಿಗೆ ತುಂಬಿ, ಹೆಂಗಸರು ತಲೆಯ ಮೇಲೆ ಹೊತ್ತು ಗಾಡಿಗೆ ಸುರಿಯುತ್ತೇವೆ. ಗಾಡಿ ಗದ್ದೆಗೆ ಹೋಗುತ್ತದೆ. ಇಡೀ ತಿಂಗಳು ಕತ್ತು ನೋವು. ಈ ಕಡಲು ನೋಡಿದರೆ ಕೂತಲ್ಲೇ ಕೂತು ತನ್ನ ಗೊಬ್ಬರ ತಾನೇ ಮಾಡಿಕೊಂಡು ತಾನೇ ಉಣ್ಣುತ್ತದೆ. ಅವತ್ತೇ ನನಗೆ ಕಡಲನ್ನು ಕಂಡು ಮೊದಲ ಸಲ ಹೊಟ್ಟೆ ಉರಿಯಿತು.

ದಂಡೆಯ ಊರು

ಇವರ ಪ್ರೊಫೆಸರು ನಮ್ಮನ್ನು ಸ್ಕಾಟ್ಲೆಂಡಿನ ಪಡುವಣ ಕರಾವಳಿಯ ಒಂದು ಸಣ್ಣ ಊರಿಗೆ ಕಳಿಸಿದರು. ಗದ್ದೆಯ ಮಣ್ಣು ನೀರಿಗೆ ಸಾರ ಬಿಡುವುದನ್ನು ಅಳೆಯಲು ಬಲ್ಲವನು ಕಡಲಿನ ಮಣ್ಣನ್ನೂ ಅಳೆಯಲಿ ಎಂದು ಅವರು ಮೊದಲೇ ಕಾಗದ ಬರೆದಿದ್ದರಂತೆ. ಮೂವತ್ತು ನಲವತ್ತು ಕಲ್ಲಿನ ಮನೆಗಳು, ಒಂದು ಚರ್ಚು, ಒಂದು ಅಂಗಡಿ, ಸೋರುವ ಎರಡು ಕೋಣೆಯ ಪ್ರಯೋಗಶಾಲೆ. ಅಲ್ಲಿನ ಜನ ಎದುರಾದಾಗ ಊಟ ಆಯಿತಾ ಎಂದು ಕೇಳುವುದಿಲ್ಲ, ಹವಾ ಹೇಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಇಬ್ಬರೂ ಅದೇ ಮಳೆಯಲ್ಲಿ ನಿಂತಿರುತ್ತಾರೆ. ಎರಡು ನಿಮಿಷ ಮಳೆ ನಿಂತರೆ ಸಾಕು, ಹಬ್ಬ ಬಂದ ಹಾಗೆ ಮುಖ ಮಾಡುತ್ತಾರೆ.

ನಾವಿದ್ದದ್ದು ಒಬ್ಬ ವಿಧವೆ ಅಜ್ಜಿಯ ಮನೆಯಲ್ಲಿ. ನನ್ನ ಇಂಗ್ಲಿಷು ಲೋಯರ್ ಸೆಕೆಂಡರಿಯದು, ಆ ಅಜ್ಜಿಯ ಇಂಗ್ಲಿಷು ಇವರಿಗೇ ಅರ್ಥವಾಗುತ್ತಿರಲಿಲ್ಲ. ಆದರೂ ನಮಗಿಬ್ಬರಿಗೂ ಸೇರಿತು. ಅವಳು ಬೆಳಗ್ಗೆ ದಂಡೆಗೆ ಹೋಗಿ, ಅಲೆ ತಂದು ಹಾಕಿದ ಕಡಲ ಪಾಚಿಯನ್ನು ಬೆನ್ನಿನ ಬುಟ್ಟಿಗೆ ತುಂಬಿ ಹೊತ್ತು ತಂದು, ಹಿತ್ತಿಲ ಆಲೂಗೆಡ್ಡೆಯ ಪಾತಿಗೆ ಹಾಕುತ್ತಿದ್ದಳು. ಎರಡನೆಯ ದಿನವೇ ನಾನೂ ಒಂದು ಬುಟ್ಟಿ ಹೊತ್ತೆ. ಬೆನ್ನಿನ ಮೇಲಲ್ಲ, ಸಿಂಬೆ ಸುತ್ತಿ ತಲೆಯ ಮೇಲೆ. ಎರಡು ಕೈ ಬಿಟ್ಟು ನಡೆದದ್ದನ್ನು ನೋಡಿ ಅಜ್ಜಿ ಬೀದಿಯ ಮನೆಯವರನ್ನೆಲ್ಲ ಕೂಗಿ ತೋರಿಸಿದಳು.

ಇನ್ನು ಮೋರಾಗ್. ಪ್ರಯೋಗಶಾಲೆಯಲ್ಲಿ ಇವರ ಜೊತೆ ಕೆಲಸ ಮಾಡುವವಳು. ಇವರಿಗಿಂತ ಎರಡು ವರ್ಷ ದೊಡ್ಡವಳು, ಮದುವೆಯಾಗಿರಲಿಲ್ಲ. ಮೀನುಗಾರನ ಮಗಳು. ಷರಾಯಿ ತೊಟ್ಟು, ಮೊಣಕಾಲವರೆಗೆ ರಬ್ಬರ್ ಬೂಟು ಏರಿಸಿ, ಎಂಜಿನ್ ದೋಣಿಯನ್ನು ತಾನೇ ಹೊಡೆಯುತ್ತಿದ್ದಳು. ಮೊದಲ ದಿನ ಇವರ ಕೈ ಕುಲುಕಿದವಳೇ ತಲೆ ಬಗ್ಗಿಸಿ ಕೋಟಿನ ತೋಳನ್ನು ಮೂಸಿ, ಇದೇನು ಇಷ್ಟು ಒಳ್ಳೆಯ ವಾಸನೆ ಎಂದು ಕೇಳಿದಳು. ಇವರು ಹಲ್ಲು ಬಿಟ್ಟರು. ಪುಡಿ ಹುರಿದವಳು ಅತ್ತೆ, ಸುತ್ತಿಟ್ಟವಳು ನಾನು, ಮೂಸಿದವಳು ಇವಳು. ನಾನು ಅವತ್ತು ರಾತ್ರಿ ಆ ಕೋಟನ್ನು ಸೋಪು ಹಾಕಿ ಒಗೆದೆ. ಸೋಪು ರೇಷನ್ನಿನದು, ವಾರದ ಪಾಲು ಮುಗಿಯಿತು, ವಾಸನೆ ಹೋಗಲಿಲ್ಲ.

ದಿನಾ ಬೆಳಗ್ಗೆ ಇಬ್ಬರೂ ದೋಣಿಯಲ್ಲಿ ಹೋಗುವರು. ಹಗ್ಗಕ್ಕೆ ಕಟ್ಟಿದ ಗಾಜಿನ ಕೊಳವೆಯನ್ನು ತಳಕ್ಕೆ ಇಳಿಬಿಟ್ಟು, ಕೆಸರಿಗೆ ಚುಚ್ಚಿ, ಇದ್ದ ಹಾಗೇ ಎತ್ತಿ ತರುವರು. ಕೊಳವೆಯೊಳಗೆ ಕೆಸರು ಪದರ ಪದರವಾಗಿ ನಿಂತಿರುತ್ತಿತ್ತು. ಮೇಲೆ ಉಗುರಿನಷ್ಟು ದಪ್ಪದ ಕಂದು ಕೆನೆ, ಅದರ ಕೆಳಗೆ ಬೂದು, ಅದರ ಕೆಳಗೆ ಕಾಡಿಗೆಯಂಥ ಕಪ್ಪು. ಕಪ್ಪಿಗೆ ಕೊಳೆತ ಮೊಟ್ಟೆಯ ನಾತ. ಕೆನೆಗೆ ನಾತವಿಲ್ಲ, ನುಣುಪೆಂದರೆ ನುಣುಪು. ಅದನ್ನು ಪದರ ಕೆಡದಂತೆ ಜಾಡಿಗೆ ಇಳಿಸಿ, ಮೇಲೆ ಕಡಲ ನೀರು ತುಂಬಿ, ವಾರಕ್ಕೊಮ್ಮೆ ಆ ನೀರನ್ನು ಸ್ವಲ್ಪ ತೆಗೆದು ಔಷಧಿಯ ಹನಿ ಹಾಕುವರು. ನೀರಿನಲ್ಲಿ ರಂಜಕದ, ಅಂದರೆ ಫಾಸ್ಫರಸ್ಸಿನ, ಸಾರ ಇದ್ದಷ್ಟೂ ನೀಲಿ ಏರುತ್ತದೆ. ಪ್ರಯೋಗಶಾಲೆ ಸೋರುತ್ತಿದ್ದುದರಿಂದ ಎಂಟು ಜಾಡಿಗಳನ್ನು ನಮ್ಮ ಅಜ್ಜಿಯ ಬಟ್ಟೆ ಒಗೆಯುವ ಕಲ್ಲುಕೋಣೆಯಲ್ಲಿ ಸಾಲಾಗಿ ಇಟ್ಟಿದ್ದರು, ಅಲ್ಲಿ ಕಡಲ ತಳದಷ್ಟೇ ತಣ್ಣಗೆ ಇರುತ್ತದೆಂದು. ಜಾಡಿಗಳನ್ನು ಜರುಗಿಸಬೇಡ ಎಂದು ನನಗೆ ಹೇಳಿದ್ದರು.

ಸಂಜೆ ಬಂದರೆ ಇವರು ನೇರ ಆ ಕೋಣೆಗೆ. ಮೊಣಕಾಲೂರಿ ಒಂದೊಂದು ಜಾಡಿಯನ್ನೂ ಇಣುಕಿ ಇಣುಕಿ ನೋಡುವರು. ನನ್ನ ಮುಖವನ್ನು ಹಾಗೆ ನೋಡಿದ್ದು ಮದುವೆಯ ದಿನವೂ ಇಲ್ಲ. ಕೆನೆ ಯಾಕೆ ಕಂದು, ಅದಕ್ಕೆ ಯಾಕೆ ಇಷ್ಟು ಉಪಚಾರ ಎಂದು ಕೇಳಿದರೆ, "ಆಮೇಲ್ ಯೋಳ್ತೀನಿ" ಎನ್ನುವರು. ಮೋರಾಗ್ ಬಂದರೆ ಅದೇ ಕೆನೆಯ ಬಗ್ಗೆ ಗಂಟೆಗಟ್ಟಲೆ ಮಾತು. ಅತ್ತೆ ಹೇಳಿದ್ದ ಸವತಿ ಯಾರೆಂದು ನನಗೆ ಅನುಮಾನ ಬರತೊಡಗಿತು. ಮೋರಾಗೋ, ಜಾಡಿಗಳೋ. ಇಬ್ಬರ ಮೇಲೂ ಸಮವಾಗಿ ಉರಿದುಕೊಂಡೆ.

ಗೌರಿಯ ದಿನ

ಪಂಚಾಂಗ ನೋಡಿ ಲೆಕ್ಕ ಹಾಕಿದ್ದೆ. ಗೌರಿಹಬ್ಬ ಬಂದಿತ್ತು. ನಮ್ಮಲ್ಲಿ ಪೇಟೆಯ ಬಣ್ಣದ ಗೌರಿ ತರುವ ಪದ್ಧತಿಯಿಲ್ಲ. ಕೆರೆಗೆ ಹೋಗಿ, ನೀರಿನಡಿಯ ನುಣ್ಣನೆಯ ಮಣ್ಣನ್ನು ತಂದು, ಮನೆಯ ಹೆಣ್ಣು ತನ್ನ ಕೈಯಾರೆ ಗೌರಿ ಮಾಡಬೇಕು. ಅವತ್ತೊಂದು ದಿನ ಮನೆಯಲ್ಲಿರಿ, ಪೂಜೆ ಮುಗಿಸಿ ಒಟ್ಟಿಗೆ ಉಣ್ಣೋಣ ಎಂದು ಇವರನ್ನು ಎರಡು ಸಲ ಕೇಳಿದೆ. ಗಾಳಿ ಬಿದ್ದಿದೆ, ಕಡಲು ತಿಳಿಯಾಗಿದೆ, ಇಂಥ ದಿನ ಮತ್ತೆ ಸಿಗುವುದಿಲ್ಲ ಎಂದು ಇವರು ಕೋಟು ಹಾಕಿಕೊಂಡರು. ಬೇಲಿಯ ಆಚೆ ಮೋರಾಗ್ ಸಿಳ್ಳೆ ಹಾಕಿದಳು. ನಾಯಿಗೆ ಹಾಕುವ ಹಾಗೆ ಸಿಳ್ಳೆ, ಇವರು ಓಡಿದರು.

ನಾನು ತಲೆಗೆ ಎರೆದುಕೊಂಡು ಮಣ್ಣು ಹುಡುಕಲು ಹೊರಟೆ. ಆಗ ಕಡಲು ಏರಿತ್ತು, ದಂಡೆಯೆಲ್ಲ ನೀರಿನಡಿ. ಹಿತ್ತಿಲ ಮಣ್ಣು ಬರೀ ಕಲ್ಲು. ಕೆರೆ ಇಲ್ಲ, ಹೊಳೆ ಇಲ್ಲ. ಬಟ್ಟೆ ಕೋಣೆಯ ಬಾಗಿಲಲ್ಲಿ ನಿಂತಾಗ ಆ ಎಂಟು ಜಾಡಿ ಕಂಡವು. ನೀರಿನಡಿಯ ಮಣ್ಣು, ಕಲ್ಲು ಕಸ ಇಲ್ಲದ್ದು, ನುಣ್ಣನೆಯದು. ಇವರ ಹತ್ತಿರ ಪ್ರಯೋಗಶಾಲೆಯಲ್ಲಿ ಇನ್ನೂ ಬಕೆಟುಗಟ್ಟಲೆ ಇದೆ, ದಿನಾ ಮಿಕ್ಕದ್ದನ್ನು ಚೆಲ್ಲುತ್ತಾರೆ. ಜಾಡಿ ಜರುಗಿಸಬೇಡ ಅಂದಿದ್ದರು, ನಾನು ಜರುಗಿಸಲಿಲ್ಲ. ಮನೆಯಲ್ಲಿ ಹಾಲಿನ ಕೆನೆ ತೆಗೆಯುವ ಹಾಗೆ, ಉದ್ದ ಹಿಡಿಯ ಚಮಚದಿಂದ ಒಂದೊಂದು ಜಾಡಿಯ ಕಂದು ಪದರವನ್ನು ತೆಗೆದೆ. ಒಳಗಿನ ಕಪ್ಪು ಎದ್ದು ನೀರೆಲ್ಲ ಕಲಕಿತು. ಅಪ್ಪಟ ಅಜ್ಞಾನದಿಂದ ಮಾಡಿದೆ ಎಂದು ಬರೆದರೆ ನಂಬುವವರು ನಂಬುತ್ತಾರೆ. ಆದರೆ ಚಮಚ ಇಳಿಸುವಾಗ ನನಗೆ ಕೊಂಚ ಸುಖವಾದದ್ದೂ ನಿಜ.

ಅಂಗೈಯಷ್ಟು ಎತ್ತರದ ಗೌರಿಯಾದಳು. ನಮ್ಮೂರ ಕೆರೆಯ ಮಣ್ಣಿನಲ್ಲೂ ಅಷ್ಟು ಕಳೆ ಬಂದಿರಲಿಲ್ಲ. ಅರಿಸಿನ ಕುಂಕುಮವಿಟ್ಟು, ಅಜ್ಜಿಯ ಹಿತ್ತಿಲ ಹೂ ಮುಡಿಸಿ, ಕೂಪನ್ನಿನ ಸಕ್ಕರೆಯಲ್ಲಿ ಒಂದು ಹಿಡಿ ಪಾಯಸ ಮಾಡಿ ಕೈ ಮುಗಿದೆ. ಸವತಿಯನ್ನು ದೂರ ಮಾಡು ಎಂದು ಬೇಡಿಕೊಂಡೆ. ಬೇಡಿಕೊಂಡದ್ದು ಸವತಿಯ ಕೆನೆಯಿಂದಲೇ ಆದವಳ ಮುಂದೆ ಎಂದು ಆಮೇಲೆ ಹೊಳೆಯಿತು.

ಸಂಜೆ ಇವರು ಬಹಳ ಸಂತೋಷದಲ್ಲಿ ಬಂದರು. ಹಬ್ಬದ ದಿನ ಬಿಟ್ಟುಹೋದ ತಪ್ಪಿಗೋ ಏನೋ, ಅವತ್ತು ಜಾಡಿಗಳ ಕೋಣೆಗೂ ಹೋಗದೆ ಗೌರಿಗೆ ಅಡ್ಡಬಿದ್ದು, ಪಾಯಸ ಉಂಡು, "ಬಾ, ಅವತ್ ಕೇಳ್ದಲ್ಲ, ಕೆನೆ ಇಚಾರ ಯೋಳ್ತೀನಿ" ಎಂದು ಕೂರಿಸಿಕೊಂಡರು. ನೀರಿನಲ್ಲಿರುವ ಗಾಳಿ ತಾಗುವಷ್ಟು ಆಳ ಮಾತ್ರ ಕೆಸರು ಕಂದು, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ. ಆ ತುಕ್ಕೇ ಕೆಳಗಿನಿಂದ ಬರುವ ಸಾರವನ್ನು ಹಿಡಿದಿಟ್ಟುಕೊಂಡು ಅಷ್ಟಿಷ್ಟಾಗಿ ಬಿಡುತ್ತದೆ. ಜೀವಾಣು, ಹುಳು, ಎಲ್ಲದರ ಸಂಸಾರ ಅಲ್ಲೇ. ಕೆನೆ ಹೋದರೆ ಕೆಳಗಿನ ಸಾರವೆಲ್ಲ ಒಟ್ಟಿಗೆ ನೀರಿಗೆ ನುಗ್ಗುತ್ತದೆ. ಏಳು ವಾರದಿಂದ ಆ ಎಂಟು ಜಾಡಿಯ ಕೆನೆಯನ್ನು ಒಂದು ಉಸಿರೂ ತಾಗದಂತೆ ಕಾಪಾಡಿದ್ದೇವೆ ಎಂದರು. ನಾನು ಪಾಯಸದ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಇಳಿತದ ಹೊತ್ತು

ಮರುದಿನ ಬೆಳಗ್ಗೆ ಗೌರಿಯನ್ನು ಏನು ಮಾಡುವುದೆಂದು ಯೋಚಿಸಿದೆ. ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿದ ತಾಯಿಯನ್ನು ಕೆರೆದು ಜಾಡಿಗೆ ತುಂಬುವುದುಂಟೆ. ಪದ್ಧತಿಯಂತೆ ಕಡಲಿಗೇ ಬಿಟ್ಟೆ. ಏಳು ವಾರದ ಕೆಲಸ ಎರಡು ಅಲೆಯಲ್ಲಿ ಕರಗಿತು.

ಆಗಲೇ ಹೇಳಿಬಿಡಬೇಕಾಗಿತ್ತು. ಹೇಳಲಿಲ್ಲ. ಹೇಳಿದರೆ ಇವರು ಮೋರಾಗಳ ಮುಂದೆ ಹೋಗಿ, ನನ್ನ ಹೆಂಡತಿ ಹೀಗೆ ಮಾಡಿದಳು ಎನ್ನಬೇಕು, ಅವಳು ಅಯ್ಯೋ ಪಾಪ ಎನ್ನಬೇಕು. ಅದನ್ನು ನೆನೆದೇ ಮೈ ಉರಿಯಿತು. ಮಧ್ಯಾಹ್ನ ಇಳಿತದಲ್ಲಿ ದಂಡೆಯ ಕೆಸರು ಬಯಲಾಗಿತ್ತು. ಅದರ ಮೇಲೂ ಕಂದು ಕೆನೆ ಇತ್ತು. ಬಟ್ಟಲಿಗೆ ಕೆರೆದು ತಂದು, ಜಾಡಿಯ ನೀರು ತಿಳಿಯಾದ ಮೇಲೆ, ಚಮಚದಲ್ಲಿ ಮೆಲ್ಲಗೆ ಇಳಿಸಿ ಹಾಸಿದೆ. ಎಂಟೂ ಜಾಡಿ ಮೊದಲಿನ ಹಾಗೇ ಕಂಡವು. ನನ್ನ ಕೈಗೆಲಸಕ್ಕೆ ನಾನೇ ಮೆಚ್ಚಿದೆ.

ನೀಲಿ

ಗುರುವಾರ ನೀರು ತೆಗೆಯುವ ದಿನ. ನಾನು ಪೊರಕೆ ಹಿಡಿದು ಕೋಣೆಯ ಬಾಗಿಲಲ್ಲೇ ಗುಡಿಸಿದ್ದನ್ನೇ ಗುಡಿಸುತ್ತಿದ್ದೆ. ಇವರು ಔಷಧಿಯ ಹನಿ ಹಾಕಿದರು. ಯಾವಾಗಲೂ ಆಕಾಶದ ತೆಳು ನೀಲಿ ಬರುತ್ತಿದ್ದ ನೀರು ಬಿಳಿ ಬಟ್ಟೆಗೆ ಹಾಕುವ ನೀಲಿಯಷ್ಟು ಗಾಢವಾಯಿತು. ಎಂಟೂ ಜಾಡಿಯಲ್ಲಿ ಹಾಗೇ. ನಾನು ಕೆಲಸ ಕೆಟ್ಟಿತು ಎಂದು ಕಣ್ಣು ಮುಚ್ಚಿದೆ. ಇವರು ಕುಣಿದುಬಿಟ್ಟರು. ಋತು ತಿರುಗುವ ಹೊತ್ತಿಗೆ ಕೆಸರು ತಾನಾಗಿಯೇ ಬಾಗಿಲು ತೆರೆಯುತ್ತದೆ, ಇದನ್ನು ಯಾರೂ ಕಂಡಿಲ್ಲ ಎಂದು ಬರಿಗಾಲಲ್ಲೇ ಓಡಿಹೋಗಿ ಮೋರಾಗಳನ್ನು ಕರೆತಂದರು.

ಅವಳು ನೀಲಿ ನೋಡಿದಳು. ಆಮೇಲೆ ಇವರ ಹಾಗೇ ಮೊಣಕಾಲೂರಿ ಜಾಡಿಗಳನ್ನು ನೋಡಿದಳು. ನಾಲ್ಕನೆಯ ಜಾಡಿಯ ಗಾಜಿನ ಮೇಲೆ ಕಡಲೆಕಾಳಿನಷ್ಟು ಒಂದು ಬಸವನಹುಳು ಹತ್ತುತ್ತಿತ್ತು. ಅದು ದಂಡೆಯ ಹುಳು, ಆಳದ ತಳದಲ್ಲಿ ಇರುವುದಿಲ್ಲ. ಇವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮೋರಾಗ್ ಎರಡು ಬೆರಳಲ್ಲಿ ಅದನ್ನು ಹಿಡಿದು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಪೊರಕೆ ನೋಡಿದೆ.

ಶುಕ್ರವಾರ ಅವಳು ಬಂದು ಹೇಳುತ್ತಾಳೆ ಅಂದುಕೊಂಡೆ. ಹೇಳಲಿಲ್ಲ. ಶನಿವಾರ ಎರಡು ಮೊಟ್ಟೆ ತಂದುಕೊಟ್ಟು, ಮಳೆಯ ಬಗ್ಗೆ ಮಾತಾಡಿ ಹೋದಳು. ಹೇಳಿಬಿಟ್ಟಿದ್ದರೆ ಚಾಡಿಕೋರಿ ಎಂದು ಹಾಯಾಗಿ ದ್ವೇಷ ಮಾಡಬಹುದಿತ್ತು. ಅವಳ ಓದಿಗೆ, ದೋಣಿಗೆ ಹೊಟ್ಟೆಕಿಚ್ಚುಪಟ್ಟದ್ದು ಸಾಲದೆಂದು ಈಗ ಅವಳ ಒಳ್ಳೆಯತನಕ್ಕೂ ಪಡಬೇಕಾಯಿತು. ಅದರ ಉರಿ ಇನ್ನೂ ಜಾಸ್ತಿ. ಇವರು ಎರಡು ದಿನವೂ ಕೂತು ಪ್ರೊಫೆಸರಿಗೆ ಕಾಗದ ಬರೆದರು, ಹರಿದರು, ಮತ್ತೆ ಬರೆದರು. ಸೋಮವಾರದ ಟಪಾಲು ಹಡಗಿಗೆ ಅದು ಹೋಗಬೇಕು. ಹೋದರೆ ಇವರ ಹೆಸರಿನಲ್ಲಿ ಒಂದು ಸುಳ್ಳು ಅಚ್ಚಾಗುತ್ತದೆ.

ಭಾನುವಾರ

ಆ ಊರಲ್ಲಿ ಭಾನುವಾರ ಯಾರೂ ಕೆಲಸ ಮಾಡುವುದಿಲ್ಲ. ದೋಣಿ ನೀರಿಗಿಳಿಯುವುದಿಲ್ಲ, ಬಟ್ಟೆ ಹರವುವುದಿಲ್ಲ, ಜೋರಾಗಿ ನಗುವುದೂ ಇಲ್ಲ. ನಾನು ಹಿಂದೊಮ್ಮೆ ಒಂದು ಸೀರೆ ಒಣಹಾಕಿದ್ದಕ್ಕೆ ಅಜ್ಜಿ ಅದನ್ನು ಸುತ್ತಿ ಒಳಗೆ ತಂದು, ಯಾರಾದರೂ ನೋಡಿದರೇನೋ ಎಂದು ಬೀದಿಯ ಕಡೆ ಇಣುಕಿದ್ದಳು.

ಮಧ್ಯಾಹ್ನ ಮೋರಾಗ್ ಟೀಗೆ ಬಂದಿದ್ದಳು. ಇವರು ಕಾಗದದ ಕೊನೆಯ ಸಾಲು ಮುಗಿಸಿ ಲಕೋಟೆಗೆ ಕೈ ಹಾಕಿದರು. ನಾನು ಟೀ ಪಾತ್ರೆಯನ್ನು ಕೆಳಗಿಟ್ಟೆ.

"ಏನಂದ್ರೆ, ಆ ಕಾಗ್ದ ಕಳಿಸ್ಬ್ಯಾಡಿ," ಎಂದೆ. "ಜಾಡಿ ಕೆನೆ ತಗ್ದು ನಾನು ಗೌರಿ ಮಾಡ್ಬುಟ್ಟೆ. ಈಗ ಅದ್ರ ಮ್ಯಾಲಿರೋದು ದಂಡೆ ಮಣ್ಣು."

ಎಂಟೂ ಜಾಡಿಯದೋ ಎಂದು ಮೆಲ್ಲಗೆ ಕೇಳಿದರು. ಎಂಟೂ ಎಂದೆ. ಇವರು ಮೋರಾಗಳ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಅಷ್ಟನ್ನೂ ಹೇಳಿ, ಅವಳ ಮುಖ ನೋಡಿ, ನಿನಗೆ ಗೊತ್ತಿತ್ತೇ ಎಂದರು. ಅವಳು ಜೇಬಿನಿಂದ ಆ ಹುಳುವಿನ ಚಿಪ್ಪು ತೆಗೆದು ಸಾಸರಿನಲ್ಲಿಟ್ಟಳು. ಗುರುವಾರದಿಂದ ಗೊತ್ತು, ಹೇಳಬೇಕಾದವಳು ನಿನ್ನ ಹೆಂಡತಿ, ನಾಳೆ ಹಡಗು ಬರುವವರೆಗೆ ಕಾಯೋಣ ಎಂದಿದ್ದೆ, ಅಷ್ಟರಲ್ಲಿ ಹೇಳದಿದ್ದರೆ ನಾನೇ ಹೇಳುತ್ತಿದ್ದೆ ಎಂದಳು.

ಇವರಿಗೆ ಎಂಥ ಸಿಟ್ಟು ಬಂತು ಎಂದರೆ ನಾನು ಹಾಗೆ ಯಾವತ್ತೂ ನೋಡಿರಲಿಲ್ಲ. ಎದ್ದು ನಿಂತು ಮೋರಾಗಳ ಮುಂದೆ ಮೇಜು ಗುದ್ದಿದರು. ಜೊತೆಯಲ್ಲಿ ಕೆಲಸ ಮಾಡುವವಳು, ನಿನ್ನ ಕಣ್ಣನ್ನು ನನ್ನ ಕಣ್ಣಿಗಿಂತ ಹೆಚ್ಚು ನಂಬಿದ್ದೆ, ಮೂರು ದಿನ ನನ್ನನ್ನು ಕುಣಿಯಲು ಬಿಟ್ಟೆಯಲ್ಲ ಎಂದು ಕಿವಿ ಕೆಂಪಾಗುವ ಹಾಗೆ ಬೈದರು. ಅವಳೂ ಸುಮ್ಮನಿರಲಿಲ್ಲ. ಕುಣಿಯುವ ಮುಂಚೆ ಜಾಡಿಯನ್ನು ಸರಿಯಾಗಿ ನೋಡಬೇಕಾದವನು ನೀನು ಎಂದು ತಿರುಗಿ ಕೊಟ್ಟಳು. ಅಜ್ಜಿ ಇವತ್ತು ಭಾನುವಾರ ಎಂದು ಅಡಿಗೆಮನೆಯಿಂದ ಗೋಡೆ ತಟ್ಟಿದಳು. ಇಬ್ಬರಿಗೂ ಕೇಳಿಸಲಿಲ್ಲ. ಕೊನೆಗೆ ಇವರು ದಣಿದು ನನ್ನ ಕಡೆ ತಿರುಗಿದರು. ದನಿ ತಗ್ಗಿತು, ಮಗುವಿನ ಹತ್ತಿರ ಮಾತಾಡುವಷ್ಟು ಮೆತ್ತಗಾಯಿತು.

"ಓಗ್ಲಿ ಬುಡು, ಅಳ್ಬ್ಯಾಡ. ನಿಂಗೇನ್ ಗೊತ್ತಾದದು."

ನಾನು ಅಳುತ್ತಿರಲಿಲ್ಲ. ನಿಂತಲ್ಲೇ ಉರಿಯುತ್ತಿದ್ದೆ. ಅವಳ ಬೂಟು, ಅವಳ ಸಿಳ್ಳೆ, ಅವಳ ಓದು, ಅವಳ ಒಳ್ಳೆಯತನ ಎಲ್ಲಕ್ಕೂ ಹೊಟ್ಟೆಕಿಚ್ಚುಪಟ್ಟಾಗಿತ್ತು. ಅವತ್ತು ಅವಳಿಗೆ ಸಿಕ್ಕಿದ ಆ ಬೈಗುಳಕ್ಕೆ ಪಟ್ಟಷ್ಟು ಬೇರೆ ಯಾವುದಕ್ಕೂ ಪಟ್ಟಿರಲಿಲ್ಲ. ನಂಬಿಕೆ ಇಟ್ಟವರ ಮೇಲೆ ಮಾತ್ರ ಹಾಗೆ ಸಿಟ್ಟು ಬರುತ್ತದೆ. ನನ್ನ ಮೇಲೆ ಇವರಿಗೆ ಅದೂ ಬರಲಿಲ್ಲ.

"ನಾನೇನ್ ಅಳ್ತಿಲ್ಲ," ಎಂದೆ. "ಕೆಡ್ಸಿದ್ದು ನಾನು, ಮುಚ್ಚಾಕಿದ್ದು ನಾನು. ಬೈಸ್ಕೊಂಡಿದ್ದು ಅವ್ಳು. ಅವ್ಳ್ ಮ್ಯಾಲೆ ರೇಗ್ದಂಗೆ ನನ್ ಮ್ಯಾಲೂ ರೇಗಿ. ನಿಮ್ ಕೆಲ್ಸ ಕೆಡ್ಸೋವಷ್ಟು ದೊಡ್ಡೋಳಾಗಿವ್ನಿ, ಬೈಸ್ಕೊಳೋವಷ್ಟು ಆಗಿಲ್ವಾ?"

ನಾನು ಏನೆಂದೆ ಎಂದು ಮೋರಾಗ್ ಕೇಳಿದಳು. ಇವರು ತಡವರಿಸುತ್ತಾ ಹೇಳಿದರು. ಅವಳು ನಗಲಿಲ್ಲ, ತನ್ನ ಪಕ್ಕದ ಕುರ್ಚಿಯನ್ನು ಎಳೆದು ನನಗೆ ಕೊಟ್ಟಳು. ಇವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬೆಂಕಿಗೆ ಹಾಕಿದರು. ಅದು ಪೂರ್ತಿ ಉರಿದ ಮೇಲೆ ಹೇಳಿದರು:

"ನಾಳಿಕ್ ದೋಣಿಗ್ ಬಾ. ಎಂಟೂ ಜಾಡಿ ಮೊದ್ಲಿಂದ ತುಂಬ್ಬೇಕು. ತುಂಬೋಳು ನೀನೇ."

ದೋಣಿ

ಅಜ್ಜಿ ತನ್ನ ಸತ್ತ ಗಂಡನ ಬೂಟು ಕೊಟ್ಟಳು. ಬೆರಳಿನ ಕಡೆ ಬಟ್ಟೆ ತುರುಕಿ ಹಾಕಿಕೊಂಡೆ. ನಾಟಿ ಹಾಕುವಾಗಿನಂತೆ ಸೀರೆಯನ್ನು ಎತ್ತಿ ಕಟ್ಟಿ ದೋಣಿ ಹತ್ತಿದೆ. ಮೊದಲ ಅರ್ಧ ಗಂಟೆ ಹೊಟ್ಟೆಯಲ್ಲಿದ್ದದ್ದೆಲ್ಲ ಕಡಲಿನ ತಳದ ಪಾಲಾಯಿತು. ಮೋರಾಗ್ ನನ್ನ ಬೆನ್ನು ಸವರಿ, ಅದೂ ಗೊಬ್ಬರವೇ, ಚಿಂತೆಯಿಲ್ಲ ಎಂದಳು. ಇವರು ಅದನ್ನು ಕನ್ನಡ ಮಾಡಿ ಹೇಳಿದರು, ಹೇಳುವಾಗ ನಗಲಿಲ್ಲ. ಇವರ ಮುಖ ಹಿಂದಿನ ದಿನದಿಂದ ಹಾಗೇ ಬಿಗಿದುಕೊಂಡಿತ್ತು.

ಹಗ್ಗ ಬಿಡುವುದನ್ನು ತೋರಿಸಿದರು. ಕೊಳವೆ ತಳ ತಾಗಿದಾಗ ಕೈಗೆ ಗೊತ್ತಾಗುತ್ತದೆ, ಬಾವಿಯಲ್ಲಿ ಕೊಡ ನೀರು ಮುಟ್ಟಿದ ಹಾಗೆ. ಎಳೆಯುವುದೂ ಬಾವಿಯ ಎಳೆತವೇ. ಆದರೆ ಕೊಳವೆ ನೀರಿನಿಂದ ಮೇಲೆ ಬಂದೊಡನೆ ಅದರ ಬುಡವನ್ನು ಅಂಗೈಯಲ್ಲಿ ಮುಚ್ಚಿ, ಒಂದಿಷ್ಟೂ ವಾಲದಂತೆ ಹಿಡಿಯಬೇಕು. ಗಾಜಿನೊಳಗೆ ಕಪ್ಪು, ಬೂದು, ಮೇಲೆ ಆ ಉಗುರಿನಷ್ಟು ಕಂದು ಕಂಡಿತು. ಅದನ್ನು ಸರಿಯಾಗಿ ನೋಡಬೇಕೆಂದು ನಾನೇ ಬಗ್ಗಿದೆ. ಕೊಳವೆ ವಾಲಿತು. ಕೆನೆ ಜಾರಿ, ನೀರೆಲ್ಲ ಕಲಕಿಹೋಯಿತು.

"ಏಯ್, ನೆಟ್ಟಗ್ ಇಡ್ಕೊಳೆ," ಎಂದು ಇವರು ದೋಣಿಯ ಆ ತುದಿಯಿಂದ ಕಿರುಚಿದರು. "ಕಣ್ ಎಲ್ ಮಡಗಿದ್ದೀಯೆ? ಒಂದ್ ಕೊಳ್ವೆ ಇಡ್ಯಕ್ಕಾಗಲ್ವಾ ನಿನ್ ಕೈಲಿ? ಸುರ್ದು ಇನ್ನೊಂದ್ ತಗಿ."

ಸುರಿದು ಇನ್ನೊಂದು ತೆಗೆದೆ. ಕೈ ಮರಗಟ್ಟಿತ್ತು, ಮೂಗು ಸೋರುತ್ತಿತ್ತು, ಬೂಟಿನೊಳಗೆ ನೀರು ನುಗ್ಗಿತ್ತು. ಹಗ್ಗವನ್ನು ಹಿಂದುಮುಂದಾಗಿ ಸುತ್ತಿದ್ದಕ್ಕೆ ಮತ್ತೆ ರೇಗಿದರು. ಜಾಡಿಗೆ ಇಳಿಸುವಾಗ ಅವಸರ ಮಾಡಿದ್ದಕ್ಕೆ ಇನ್ನೊಮ್ಮೆ. ಕೆನೆ ಮತ್ತೆರಡು ಸಲ ಒಡೆದದ್ದಕ್ಕೆ ಎರಡು ಸಲ. ಐದನೆಯದರಿಂದ ಮುಂದೆ ಕೆನೆ ಒಡೆಯಲಿಲ್ಲ. ನಡುವೆ ಟಪಾಲು ಹಡಗು ನಮ್ಮ ದೋಣಿಯನ್ನು ಕುಲುಕಾಡಿಸಿ ಹೋಯಿತು. ಆಗ ನಾವು ಮೂವರೂ ಒಂದೊಂದು ಜಾಡಿಯನ್ನು ಎದೆಗೆ ಅವಚಿಕೊಂಡು ಕೂತಿದ್ದೆವು.

ಎಂಟನೆಯ ಜಾಡಿ ತುಂಬುವಷ್ಟರಲ್ಲಿ ಸಂಜೆಯಾಗಿತ್ತು. ದಂಡೆಗೆ ಬಂದು ಇಳಿಯುವಾಗ, ಮೋರಾಗ್ ಹಗ್ಗವನ್ನು ಕಂಬಕ್ಕೆ ಸಡಿಲವಾಗಿ ಕಟ್ಟಿದಳೆಂದು ಇವರು ಅವಳ ಮೇಲೂ ಒಂದು ಸಲ ರೇಗಿದರು. ಜಾಡಿ ಹಿಡಿದುಕೊಂಡು ಕಲ್ಲಿನ ಮೆಟ್ಟಿಲು ಹತ್ತುತ್ತಾ ಮನಸ್ಸಿನಲ್ಲೇ ಎಣಿಸಿದೆ. ಇಡೀ ದಿನಕ್ಕೆ ಅವಳಿಗೆ ಬಿದ್ದದ್ದು ಒಂದು ಬೈಗುಳ. ನನಗೆ ಐದು.